ಐದು ವರ್ಷ ಮಿಲಿಟರಿಗೆ ಕೊಟ್ಟು ನೋಡಿ ಎನ್ನುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಶಾಸಕರು ರೆಸಾರ್ಟ್ ಸೇರಿದ ಸುದ್ದಿ ಬಂದ ದಿನ ನೀವು ಆ ಮಾತು ಆಡುತ್ತೀರಿ. ಡಾಂಬರು ಹಾಕಿದ ಆರೇ ತಿಂಗಳಿಗೆ ಕಿತ್ತುಹೋದ ರಸ್ತೆಯ ಮುಂದೆ ನಿಂತೂ ಆಡುತ್ತೀರಿ. "ಈ ದೇಶಕ್ಕೆ ಒಂದೈದು ವರ್ಷ ಮಿಲಿಟರಿ ಆಡಳಿತ ಬರಬೇಕು ಸಾರ್, ಎಲ್ಲರೂ ನೆಟ್ಟಗಾಗ್ತಾರೆ." ಪಾರ್ಕಿನ ಬೆಂಚಿನಲ್ಲಿ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಹೋಟೆಲಿನ ಬೈಟು ಕಾಫಿಯ ನಡುವೆ ನೀವು ಸಿಗುತ್ತೀರಿ. ನಿಮ್ಮಲ್ಲಿ ಕೆಲವರು ನನ್ನ ಆಪ್ತರು. ನಿಮ್ಮ ಸಿಟ್ಟು ಸುಳ್ಳಲ್ಲ ಎಂಬುದೂ ನನಗೆ ಗೊತ್ತು.

ನಿಮ್ಮ ಮಾತಿನ ಹಗುರವಾದ ರೂಪವನ್ನು ಹಿಡಿದು ವಾದ ಗೆಲ್ಲುವುದು ಸುಲಭ. ಅದು ಬೇಡ. ನಿಮ್ಮಲ್ಲಿ ಓದಿಕೊಂಡವರು ಕೇಳುವ ಗಟ್ಟಿ ಪ್ರಶ್ನೆ ಬೇರೆ ಇದೆ: ಗೆದ್ದು ಬಂದವನೇ ಪ್ರಜಾಪ್ರಭುತ್ವವನ್ನು ಕೆಡವಲು ಹೊರಟರೆ ಏನು ಮಾಡಬೇಕು? ಕೋರ್ಟನ್ನು ಲೆಕ್ಕಕ್ಕಿಡದೆ ಸಂವಿಧಾನವನ್ನು ತನಗೆ ಬೇಕಾದಂತೆ ತಿದ್ದತೊಡಗಿದರೆ? ಆಗ ಸೈನ್ಯ ಅವನನ್ನು ಇಳಿಸಿ, ಹೊಸ ಚುನಾವಣೆ ನಡೆಸಿ, ಬ್ಯಾರಕ್ಕಿಗೆ ಮರಳಿದರೆ ಅದು ಪ್ರಜಾಪ್ರಭುತ್ವದ ರಕ್ಷಣೆಯಲ್ಲವೇ? ನಾನು ಉತ್ತರಿಸಲು ಹೊರಟಿರುವುದು ಈ ಪ್ರಶ್ನೆಗೆ. ಇದಕ್ಕೆ ಊಹೆಯ ಉದಾಹರಣೆ ಬೇಕಿಲ್ಲ. ಈಜಿಪ್ಟಿನಲ್ಲಿ ಇದು ಕಣ್ಣೆದುರೇ ನಡೆದಿದೆ.

ಮೂವತ್ತು ವರ್ಷ ಆಳಿದ ಹೋಸ್ನಿ ಮುಬಾರಕ್ 2011ರ ಫೆಬ್ರುವರಿ 11ರಂದು ಇಳಿದರು. ಮರುವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಇಸ್ಲಾಂವಾದಿ ಸಂಘಟನೆಯಾದ ಮುಸ್ಲಿಂ ಬ್ರದರ್‌ಹುಡ್‌ನ ಮೊಹಮ್ಮದ್ ಮೊರ್ಸಿ ಶೇ 52ಕ್ಕಿಂತ ತುಸು ಕಡಿಮೆ ಮತ ಪಡೆದು ಗೆದ್ದರು. ಮೊರ್ಸಿ ಒಳ್ಳೆಯ ಆಡಳಿತಗಾರರೇನೂ ಆಗಿರಲಿಲ್ಲ. 2012ರ ನವೆಂಬರ್ 22ರಂದು ತಮ್ಮ ಆದೇಶಗಳನ್ನು ಯಾವ ನ್ಯಾಯಾಲಯವೂ ಪ್ರಶ್ನಿಸುವಂತಿಲ್ಲ ಎಂದು ತಾವೇ ಆದೇಶ ಹೊರಡಿಸಿದರು. ತರಾತುರಿಯಲ್ಲಿ ಬರೆಸಿದ ಸಂವಿಧಾನದ ಮೇಲಿನ ಜನಮತಗಣನೆಗೆ ಮೂರನೇ ಒಂದರಷ್ಟು ಮತದಾರರೂ ಬರಲಿಲ್ಲ. ಕರೆಂಟು ಹೋಗುತ್ತಿತ್ತು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯುತ್ತಿತ್ತು. 'ತಮರ್ರುದ್' ಎಂಬ ಯುವಕರ ಚಳವಳಿ ಮೊರ್ಸಿ ರಾಜೀನಾಮೆಗೆ ಸಹಿ ಸಂಗ್ರಹಿಸತೊಡಗಿತು. 2013ರ ಜೂನ್ 30ರಂದು ಲಕ್ಷಾಂತರ ಜನ ಬೀದಿಗಿಳಿದರು. ಅವರಲ್ಲಿ ಎಷ್ಟೋ ಮಂದಿ ಉದಾರವಾದಿಗಳು, ಎಡಪಂಥೀಯರು, ಕಾಪ್ಟಿಕ್ ಕ್ರೈಸ್ತರು, ತಲೆಗೆ ಸ್ಕಾರ್ಫ್ ಕಟ್ಟಿದ ಸಾಮಾನ್ಯ ಗೃಹಿಣಿಯರು. ಅವರ ಬೇಡಿಕೆ ನ್ಯಾಯವಾದದ್ದೇ: ಅವಧಿಗೆ ಮುನ್ನ ಚುನಾವಣೆ ನಡೆಸಿ.

ಸೇನೆ 48 ಗಂಟೆಗಳ ಗಡುವು ಕೊಟ್ಟಿತು. ಜುಲೈ 3ರ ರಾತ್ರಿ ಸೇನಾ ಮುಖ್ಯಸ್ಥ ಅಬ್ದೆಲ್ ಫತಾ ಅಲ್-ಸಿಸಿ ಟಿವಿಯಲ್ಲಿ ಕಾಣಿಸಿಕೊಂಡರು. ಆ ದೃಶ್ಯವನ್ನು ಸ್ವಲ್ಪ ಗಮನಿಸಿ. ಸಮವಸ್ತ್ರದಲ್ಲಿದ್ದ ಸಿಸಿ ಜೊತೆಗೆ ಅಲ್-ಅಝರ್‌ನ ಇಮಾಮರಿದ್ದರು, ಕಾಪ್ಟಿಕ್ ಚರ್ಚಿನ ಪೋಪ್ ಇದ್ದರು, ನೊಬೆಲ್ ಶಾಂತಿ ಪುರಸ್ಕೃತ ಮೊಹಮ್ಮದ್ ಎಲ್‌ಬರಾದಿ ಇದ್ದರು, ಸಹಿ ಸಂಗ್ರಹಿಸಿದ ಹುಡುಗರ ಪ್ರತಿನಿಧಿಗಳಿದ್ದರು. ಸಂವಿಧಾನ ತಾತ್ಕಾಲಿಕವಾಗಿ ಅಮಾನತು, ಸಾಂವಿಧಾನಿಕ ನ್ಯಾಯಾಲಯದ ಮುಖ್ಯಸ್ಥರೇ ಹಂಗಾಮಿ ಅಧ್ಯಕ್ಷರು, ಬೇಗ ಚುನಾವಣೆ. ನೀವು ಬಯಸುವ ಪಟ್ಟಿ ಅಲ್ಲಿ ಪೂರ್ತಿ ಇತ್ತು. ರಾಜಧಾನಿಯ ತಹ್ರೀರ್ ಚೌಕದ ಮೇಲೆ ವಾಯುಪಡೆಯ ಜೆಟ್‌ಗಳು ಹೊಗೆಯಿಂದ ಹೃದಯದ ಚಿತ್ರ ಬಿಡಿಸಿದವು, ಜನ ಕೈಬೀಸಿದರು. ಅಮೆರಿಕದ ವಿದೇಶಾಂಗ ಸಚಿವ ಜಾನ್ ಕೆರಿ ಆಗಸ್ಟ್ ಮೊದಲ ದಿನ, ಸೇನೆ ಪ್ರಜಾಪ್ರಭುತ್ವವನ್ನು ಮರಳಿ ಸ್ಥಾಪಿಸುತ್ತಿದೆ ಎಂದರು. ಸೇನಾದಂಗೆ ಎಂದು ಒಪ್ಪಿಕೊಂಡರೆ ನೆರವು ನಿಲ್ಲಿಸಬೇಕೆಂಬ ಕಾನೂನು ಅವರ ದೇಶದಲ್ಲಿತ್ತು. ಹಾಗಾಗಿ ವಾಷಿಂಗ್ಟನ್ ಅಡ್ಡಗೋಡೆಯ ಮೇಲೆ ದೀಪ ಇಟ್ಟು ಸುಮ್ಮನಾಯಿತು.

ಕೆರಿ ಹಾಗೆಂದ ಎರಡೇ ವಾರಕ್ಕೆ, ಆಗಸ್ಟ್ 14ರಂದು, ರಬಾ ಅಲ್-ಅದವಿಯಾ ಚೌಕದಲ್ಲಿ ಮೊರ್ಸಿ ಪರ ಧರಣಿ ಕುಳಿತವರ ಮೇಲೆ ಗುಂಡು ಹಾರಿತು. ಹ್ಯೂಮನ್ ರೈಟ್ಸ್ ವಾಚ್ ಲೆಕ್ಕ ಹಾಕಿದಂತೆ ಅಂದು ಸತ್ತವರು ಕನಿಷ್ಠ 817 ಮಂದಿ. ಉಪಾಧ್ಯಕ್ಷರಾಗಿದ್ದ ಎಲ್‌ಬರಾದಿ ಅದೇ ದಿನ ರಾಜೀನಾಮೆ ಕೊಟ್ಟು, ಆಮೇಲೆ ದೇಶವನ್ನೇ ಬಿಟ್ಟರು. ನವೆಂಬರ್‌ನಲ್ಲಿ ಪ್ರತಿಭಟನೆಗೆ ಮೂಗುದಾರ ಹಾಕುವ ಕಾನೂನು ಬಂತು. ಅದರಡಿ ಮೊದಮೊದಲು ಜೈಲಿಗೆ ಹೋದವರಲ್ಲಿ 'ಏಪ್ರಿಲ್ 6 ಚಳವಳಿ'ಯ ಅಹ್ಮದ್ ಮಾಹೆರ್ ಒಬ್ಬರು. ಅವರ ಸಂಘಟನೆ ಮೊರ್ಸಿ ವಿರುದ್ಧದ ಸಹಿ ಸಂಗ್ರಹಕ್ಕೆ ಕೈಜೋಡಿಸಿತ್ತು. ಮರುವರ್ಷ ಆ ಸಂಘಟನೆಯನ್ನೂ ನಿಷೇಧಿಸಲಾಯಿತು.

ಚುನಾವಣೆಗಳೂ ನಡೆದವು. 2014ರಲ್ಲಿ ಸಿಸಿಗೆ ಸುಮಾರು ಶೇ 97 ಮತ. 2018ರಲ್ಲೂ ಶೇ 97. ಆ ಸಲ ಎದುರು ನಿಲ್ಲಲು ಹೊರಟ ಮಾಜಿ ಸೇನಾಧಿಕಾರಿ ಸಾಮಿ ಅನಾನ್ ಬಂಧನಕ್ಕೊಳಗಾದರು. ಕಣದಲ್ಲಿ ಉಳಿದ ಏಕೈಕ ಎದುರಾಳಿ ಅದಕ್ಕೂ ಮೊದಲು ಸಿಸಿ ಪರವಾಗಿಯೇ ಪ್ರಚಾರ ಮಾಡಿದ್ದವರು. 2019ರ ತಿದ್ದುಪಡಿಯಿಂದ ಅಧ್ಯಕ್ಷರ ಅವಧಿ ಆರು ವರ್ಷವಾಯಿತು, ಸಿಸಿ 2030ರವರೆಗೆ ಮುಂದುವರಿಯಲು ದಾರಿಯಾಯಿತು. ಅದೇ ತಿದ್ದುಪಡಿ 200ನೇ ವಿಧಿಗೆ ಇನ್ನೊಂದು ಮಾತನ್ನೂ ಸೇರಿಸಿತು: ಸಂವಿಧಾನವನ್ನೂ ಪ್ರಜಾಪ್ರಭುತ್ವವನ್ನೂ ಕಾಪಾಡುವುದು ಸೇನೆಯ ಕರ್ತವ್ಯ. ಅಂದರೆ ಮುಂದೆ ಯಾವ ಸರ್ಕಾರ ಬಂದರೂ ಅದನ್ನು ಕೆಡವಲು ಪರವಾನಗಿ ಸಂವಿಧಾನದಲ್ಲೇ ತಯಾರಾಗಿದೆ. ಸಂವಿಧಾನವನ್ನು ತನಗೆ ಬೇಕಾದಂತೆ ತಿದ್ದುವ ಇಂಥ ಕೆಲಸವನ್ನು ಬ್ರದರ್‌ಹುಡ್ ಮಾಡೀತೆಂದು ಹೆದರಿ ಜನ ಬೀದಿಗಿಳಿದಿದ್ದರು.

ಮೊರ್ಸಿ ಇದ್ದಾಗ ಸಂಸತ್ ಚುನಾವಣೆ ಇನ್ನೂ ಬಾಕಿಯಿತ್ತು. ನ್ಯಾಯಾಲಯದ ತಡೆಯಿಂದ ಅದು ಮುಂದಕ್ಕೆ ಹೋಗಿತ್ತು. ಜೂನ್ 30ರ ಆ ಜನಸಾಗರ ಮತಗಟ್ಟೆಗೆ ಬಂದಿದ್ದರೆ ಮೊರ್ಸಿಯ ಕೈಕಟ್ಟುವ ಸಂಸತ್ತು ಸಿಗುತ್ತಿತ್ತೋ ಏನೋ. ಆ ದಾರಿ ನಿಧಾನದ್ದು, ಬೇಸರದ್ದು, ಸೋಲುವ ಸಾಧ್ಯತೆಯೂ ಇದ್ದದ್ದು. ಆದರೆ ಸೋತ ಮೇಲೂ ಮತ್ತೆ ಪ್ರಯತ್ನಿಸುವ ಅವಕಾಶ ಆ ದಾರಿಯಲ್ಲಿ ಮಾತ್ರ ಇತ್ತು.

ಇಲ್ಲಿ ನೀವು ಕೈ ಎತ್ತಿ "ಪೋರ್ಚುಗಲ್?" ಎಂದು ಕೇಳಬೇಕು. ನಿಮ್ಮ ಪರವಾಗಿ ನಾನೇ ಕೇಳಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ವಾದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಇಲ್ಲ.

1974ರ ಏಪ್ರಿಲ್ 24ರ ರಾತ್ರಿ 10.55ಕ್ಕೆ ಲಿಸ್ಬನ್ನಿನ ರೇಡಿಯೊದಲ್ಲಿ ಒಂದು ಪ್ರೇಮಗೀತೆ ಬಂತು. ಅದು ದಂಗೆಗೆ ಹೊರಟಿದ್ದ ಸೈನಿಕರಿಗೆ ಸಿದ್ಧರಾಗಿ ಎಂಬ ಸೂಚನೆ. ಮಧ್ಯರಾತ್ರಿ ಕಳೆದು ಇಪ್ಪತ್ತು ನಿಮಿಷಕ್ಕೆ ಕ್ಯಾಥೊಲಿಕ್ ರೇಡಿಯೊ ಕೇಂದ್ರವೊಂದರಲ್ಲಿ 'ಗ್ರಾಂದೊಲಾ, ವಿಲಾ ಮೊರೆನಾ' ಎಂಬ ಹಾಡು ಮೊಳಗಿತು. ಅದು ಹೊರಡಿ ಎಂಬ ಸೂಚನೆ. ಸಂತರೇಂನಿಂದ ಕ್ಯಾಪ್ಟನ್ ಸಾಲ್ಗೇರು ಮಾಯಾ ತಮ್ಮ ಪಡೆಯನ್ನು ರಾಜಧಾನಿಗೆ ನಡೆಸಿದರು. ಮನೆಯಲ್ಲೇ ಇರಿ ಎಂದು ರೇಡಿಯೊದಲ್ಲಿ ಸೇನೆ ಮತ್ತೆ ಮತ್ತೆ ಹೇಳಿದರೂ ಜನ ಕೇಳಲಿಲ್ಲ, ಬೀದಿಗೆ ಬಂದು ಬಂದೂಕಿನ ನಳಿಗೆಗಳಿಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು. ಕಾರ್ಮೊ ಬ್ಯಾರಕ್ಕಿನಲ್ಲಿ ಅಡಗಿದ್ದ ಪ್ರಧಾನಿ ಮಾರ್ಸೆಲೊ ಕೇಟಾನೊ ಸಂಜೆಗೆ ಶರಣಾದರು. ಅಂದು ಗುಂಡು ಹಾರಿಸಿ ನಾಲ್ವರನ್ನು ಕೊಂದವರು ರಹಸ್ಯ ಪೊಲೀಸರು, ದಂಗೆಯೆದ್ದ ಸೈನಿಕರಲ್ಲ.

ಈ ದಂಗೆಯ ಬೇರು ನಮ್ಮ ನೆರೆಗೂ ಚಾಚಿದೆ. 1961ರ ಡಿಸೆಂಬರ್‌ನಲ್ಲಿ ಬೆಳಗಾವಿ ಕಡೆಯಿಂದ ಭಾರತೀಯ ಸೇನೆ ಗೋವಾ ಹೊಕ್ಕಾಗ, ಸತ್ತರೂ ಸರಿ ಶರಣಾಗಬೇಡಿ ಎಂದು ಸರ್ವಾಧಿಕಾರಿ ಸಲಾಜಾರ್ ಲಿಸ್ಬನ್ನಿನಿಂದ ತಂತಿ ಕಳಿಸಿದ್ದರು. ಗವರ್ನರ್ ಜನರಲ್ ವಾಸಾಲೊ ಇ ಸಿಲ್ವಾ ತನ್ನ ಸೈನಿಕರ ಜೀವ ಉಳಿಸಿಕೊಂಡು ಶರಣಾದರು. ಊರಿಗೆ ಮರಳಿದ ಮೇಲೆ ಸೇನೆಯಿಂದ ವಜಾ ಆದರು. ಆಫ್ರಿಕಾದಲ್ಲಿ ಹದಿಮೂರು ವರ್ಷ ಗೆಲ್ಲಲಾಗದ ಯುದ್ಧ ಮಾಡುತ್ತಿದ್ದ ಪೋರ್ಚುಗೀಸ್ ಅಧಿಕಾರಿಗಳು ಇದನ್ನು ಮರೆತಿರಲಿಲ್ಲ. ನಾಳೆ ಅಂಗೋಲಾ ಕೈತಪ್ಪಿದರೆ ತಪ್ಪನ್ನು ನಮ್ಮ ತಲೆಗೇ ಕಟ್ಟುತ್ತಾರೆ ಎಂಬ ಭಯ ಅವರನ್ನು ಬಂಡಾಯಕ್ಕೆ ನೂಕಿದ ಕಾರಣಗಳಲ್ಲಿ ಒಂದು. ದಂಗೆಯ ನಂತರ ಬಂದ ಸರ್ಕಾರವೇ 1974ರ ಕೊನೆಯ ದಿನ ಗೋವಾ ಭಾರತದ್ದೆಂದು ಒಪ್ಪಿ ಸಹಿ ಹಾಕಿತು.

ಹೀಗೆ ಕೇಳಿದರೆ ನೀವು ಗೆದ್ದಿರಿ ಎನಿಸುತ್ತದೆ. ಆದರೆ ಅಂದು ಬಿದ್ದದ್ದು ಯಾವ ಸರ್ಕಾರ? 48 ವರ್ಷಗಳ ಸರ್ವಾಧಿಕಾರ. ಅದನ್ನು ಮತದಿಂದ ಇಳಿಸುವ ದಾರಿಯೇ ಇರಲಿಲ್ಲ. ಆ ಸರ್ವಾಧಿಕಾರ ಹುಟ್ಟಿದ್ದಾದರೂ ಹೇಗೆ? 1926ರ ಮೇ 28ರ ಸೇನಾದಂಗೆಯಿಂದ. ಅಂದಿನ ಗಣರಾಜ್ಯದ ಗೊಂದಲ, ಪದೇ ಪದೇ ಬೀಳುವ ಸರ್ಕಾರಗಳು, ಭ್ರಷ್ಟ ರಾಜಕಾರಣಿಗಳು, ಇವುಗಳಿಂದ ದೇಶ ಉಳಿಸುತ್ತೇವೆಂದು ಜನರಲ್‌ಗಳು ಹೊರಟಿದ್ದರು. ನೀವು ಪಾರ್ಕಿನಲ್ಲಿ ಹೇಳುವ ಕಾರಣಗಳೇ ಅವು. ಒಂದು ದಂಗೆ ಮುಚ್ಚಿದ ಬಾಗಿಲನ್ನು ತೆರೆಯಲು ಅರ್ಧ ಶತಮಾನದ ನಂತರ ಇನ್ನೊಂದು ದಂಗೆ ಬೇಕಾಯಿತು.

ಆ ತೆರೆದ ಬಾಗಿಲೂ ಮತ್ತೆ ಮುಚ್ಚುವುದರಲ್ಲಿತ್ತು. 1975ರ ಮಾರ್ಚ್ 11ರಂದು ಬಲಪಂಥೀಯ ಅಧಿಕಾರಿಗಳು, ನವೆಂಬರ್ 25ರಂದು ತೀವ್ರ ಎಡಪಂಥದ ಸೈನಿಕರು ಎದ್ದರು. ನಡುವೆ, 1974ರ ದಂಗೆಗೆ ವರ್ಷ ತುಂಬಿದ ದಿನ, ಕೊಟ್ಟ ಮಾತಿನಂತೆ ಚುನಾವಣೆ ನಡೆಯಿತು. ಸೇನಾ ಚಳವಳಿಯೊಳಗಿನ ಕೆಲವರು ಖಾಲಿ ಮತ ಹಾಕಿ ಎಂದು ಕರೆ ಕೊಟ್ಟಿದ್ದರು. ಜನರಿಗೆ ಪಕ್ಷಗಳು ಬೇಡ, ನಾವೇ ಸಾಕು ಎಂದು ತೋರಿಸುವ ಆಸೆ. ಶೇ 92ರಷ್ಟು ಮತದಾರರು ಸಾಲುಗಟ್ಟಿ ಬಂದರು. ಖಾಲಿ ಮತ್ತು ಅಸಿಂಧು ಮತ ಎರಡೂ ಸೇರಿ ಬಂದದ್ದು ಸುಮಾರು ಶೇ 7. ಪೋರ್ಚುಗಲ್ಲನ್ನು ಉಳಿಸಿದ್ದು ಆ ಸಾಲು. ಹಾಗಿದ್ದೂ ಮಿಲಿಟರಿ ಅಧಿಕಾರಿಗಳ 'ಕ್ರಾಂತಿ ಮಂಡಳಿ' ಕಾನೂನುಗಳ ಮೇಲೆ ಕೂತು ಕಣ್ಣಿಡುವುದು ನಿಂತದ್ದು 1982ರಲ್ಲಿ. ಹೂವಿನ ದಂಗೆಗೇ ಎಂಟು ವರ್ಷ ಹಿಡಿಯಿತು.

ಟರ್ಕಿ ಮೂಲದ ಕಾನೂನು ಪ್ರಾಧ್ಯಾಪಕ ಓಝಾನ್ ವರೋಲ್ 2012ರಲ್ಲಿ ನಿಮ್ಮ ವಾದವನ್ನು ಬಹಳ ಅಚ್ಚುಕಟ್ಟಾಗಿ ಮಂಡಿಸಿದರು. ಕೆಲವು ಸೇನಾದಂಗೆಗಳನ್ನು ಪ್ರಜಾಸತ್ತಾತ್ಮಕ ಎನ್ನಬಹುದು ಎಂದು ಏಳು ಲಕ್ಷಣಗಳನ್ನು ಪಟ್ಟಿ ಮಾಡಿದರು. ಸರ್ವಾಧಿಕಾರದ ವಿರುದ್ಧವೇ ದಂಗೆ ನಡೆದಿರಬೇಕು, ಜನರ ವಿರೋಧ ಮೊದಲೇ ಇರಬೇಕು, ಆಳುವವನು ಇಳಿಯಲು ಒಪ್ಪಿರಬಾರದು, ಹೀಗೆ. ಕೊನೆಯ ಎರಡು ಲಕ್ಷಣ: ಸೇನೆ ಬೇಗನೆ ನ್ಯಾಯಯುತ ಚುನಾವಣೆ ನಡೆಸಬೇಕು, ಗೆದ್ದವರಿಗೆ ಅಧಿಕಾರ ಬಿಟ್ಟುಕೊಡಬೇಕು. ಅವರು ಕೊಟ್ಟ ಮೂರು ಉದಾಹರಣೆ 1960ರ ಟರ್ಕಿ, 1974ರ ಪೋರ್ಚುಗಲ್, 2011ರ ಈಜಿಪ್ಟ್.

ಈಗ ನೀವು ಆ ಪಟ್ಟಿಯನ್ನು ಹಿಡಿದು 2013ರ ಜುಲೈ 3ರ ರಾತ್ರಿ ತಹ್ರೀರ್ ಚೌಕದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಕೊನೆಯ ಎರಡು ಪ್ರಶ್ನೆಗೆ ಏನೆಂದು ಉತ್ತರ ಬರೆಯುತ್ತೀರಿ? ಬರೆಯಲಾಗದು. ಆ ಉತ್ತರ ಗೊತ್ತಾಗುವುದು ವರ್ಷಗಳ ನಂತರ. ನಾಗರಿಕ ಒಪ್ಪಿಗೆ ಕೊಡಬೇಕಾದದ್ದು ಮಾತ್ರ ಮೊದಲ ದಿನವೇ. ಮೊದಲ ದಿನ ಎಲ್ಲ ಜನರಲ್‌ಗಳ ಭಾಷಣವೂ ಒಂದೇ: ದೇಶ ಅಪಾಯದಲ್ಲಿದೆ, ನಮಗೆ ಅಧಿಕಾರದ ಆಸೆಯಿಲ್ಲ, ಬೇಗ ಚುನಾವಣೆ. ಪೋರ್ಚುಗಲ್ಲಿನ ಕ್ಯಾಪ್ಟನ್ನರೂ ಹಾಗೇ ಹೇಳಿದರು, ಸಿಸಿಯೂ ಹಾಗೇ ಹೇಳಿದರು. ಒಬ್ಬರು ಮಾತು ಉಳಿಸಿಕೊಂಡರು, ಇನ್ನೊಬ್ಬರು ಇಲ್ಲ. ಉಳಿಸಿಕೊಳ್ಳದಿದ್ದವರನ್ನು ಕೇಳಲು ನಿಮ್ಮ ಕೈಯಲ್ಲಿದ್ದ ಸಾಧನಗಳು ಯಾವುವು? ಮತ, ಕೋರ್ಟು, ಪತ್ರಿಕೆ, ಮೆರವಣಿಗೆ. ದಂಗೆಯ ಮೊದಲ ಗಂಟೆಯಲ್ಲೇ ಅವನ್ನೆಲ್ಲ ನೀವು ಒಪ್ಪಿಸಿಬಿಟ್ಟಿರುತ್ತೀರಿ.

ಹಾಗಾದರೆ ಮೊದಲ ದಿನವೇ ಉತ್ತರ ಸಿಗುವ ಪ್ರಶ್ನೆ ಯಾವುದೂ ಇಲ್ಲವೇ? ಒಂದಿದೆ. ಈ ಸರ್ಕಾರವನ್ನು ಮತದಿಂದ ಇಳಿಸುವ ದಾರಿ, ಎಷ್ಟೇ ಕಿರಿದಾಗಿರಲಿ, ಇನ್ನೂ ಉಳಿದಿದೆಯೇ? ಇಲ್ಲ ಎಂದಾದರೆ ಅಲ್ಲಿ ಕಾಪಾಡಲು ಪ್ರಜಾಪ್ರಭುತ್ವವೇ ಇಲ್ಲ. ಅಲ್ಲಿ ಸೈನಿಕರು ಬಂಡೆದ್ದರೆ ಅದು ದಬ್ಬಾಳಿಕೆಯ ವಿರುದ್ಧದ ಬಂಡಾಯ, ಪೋರ್ಚುಗಲ್ಲಿನಂತೆ ಒಳಿತಾದರೂ ಆದೀತು, ಹಾಳಾದರೂ ಆದೀತು. ಇದೆ ಎಂದಾದರೆ, ದಂಗೆ ಮೊದಲು ಮುಚ್ಚುವುದು ಆ ದಾರಿಯನ್ನೇ. ಆದ್ದರಿಂದ ನನ್ನ ಉತ್ತರ ಇದು: ಸೇನಾದಂಗೆ ಎಲ್ಲೋ ಒಮ್ಮೊಮ್ಮೆ ಸರ್ವಾಧಿಕಾರವನ್ನು ಕೆಡವಬಲ್ಲದು. ಬದುಕಿರುವ ಪ್ರಜಾಪ್ರಭುತ್ವವನ್ನು ಕಾಪಾಡಲಾರದು.

"ಒಂದು ಸಲ ಮಾತ್ರ" ಎಂಬ ನಿಮ್ಮ ಮಾತಿಗೆ ಟರ್ಕಿಯಲ್ಲಿ ಉತ್ತರವಿದೆ. 1960ರಲ್ಲಿ ಪ್ರಧಾನಿ ಅದ್ನಾನ್ ಮೆಂದೆರೆಸ್ ವಿರೋಧ ಪಕ್ಷವನ್ನೂ ಪತ್ರಿಕೆಗಳನ್ನೂ ವಿಚಾರಣೆಗೆ ಎಳೆಯುವ ಆಯೋಗ ರಚಿಸಿದ್ದರು. ಮೇ 27ರಂದು ಸೇನೆ ಅವರನ್ನು ಕಿತ್ತುಹಾಕಿತು. ಹಿಂದಿನದಕ್ಕಿಂತ ಉದಾರವಾದ ಸಂವಿಧಾನ ಬಂತು, 1961ರಲ್ಲಿ ಚುನಾವಣೆಯೂ ಆಯಿತು. ಅದರ ಮುಂಚಿನ ತಿಂಗಳು ಮೆಂದೆರೆಸ್‌ರನ್ನು ಗಲ್ಲಿಗೇರಿಸಲಾಯಿತು. 1965ರಲ್ಲಿ ಮತದಾರರು ಮೆಂದೆರೆಸ್ ಪರಂಪರೆಯದೇ ಪಕ್ಷವನ್ನು ಸುಲೇಮಾನ್ ದೆಮಿರೆಲ್ ನೇತೃತ್ವದಲ್ಲಿ ಗೆಲ್ಲಿಸಿದರು. ಸೇನೆ 1971ರಲ್ಲಿ ದೆಮಿರೆಲ್‌ರನ್ನು ಇಳಿಸಿತು, 1980ರಲ್ಲಿ ಅದೇ ದೆಮಿರೆಲ್‌ರನ್ನು ಮತ್ತೆ ಇಳಿಸಿತು. 1997ರಲ್ಲಿ ಇನ್ನೊಬ್ಬ ಪ್ರಧಾನಿಯ ಸರದಿ. ಆ ಪ್ರಧಾನಿಯ ಪಕ್ಷದಲ್ಲಿದ್ದ ಇಸ್ತಾಂಬುಲ್ ಮೇಯರ್ ಜೈಲು ಕಂಡು ಬಂದು ಜನನಾಯಕರಾದರು, ಅವರೇ ಎರ್ಡೊಗನ್. ಸೇನೆ ತುಳಿದವರೆಲ್ಲ ಹುತಾತ್ಮರಾದರು ಇಲ್ಲವೇ ದೊಡ್ಡ ನಾಯಕರಾದರು. ಇಜ್ಮಿರ್ ನಗರದ ವಿಮಾನ ನಿಲ್ದಾಣಕ್ಕೆ ಇಂದು ಮೆಂದೆರೆಸ್ ಹೆಸರಿದೆ.

2016ರ ಜುಲೈ 15ರ ರಾತ್ರಿ ಮತ್ತೊಂದು ಪ್ರಯತ್ನ ನಡೆಯಿತು. ಪ್ರಜಾಪ್ರಭುತ್ವವನ್ನು ಮರಳಿ ತರುತ್ತೇವೆ ಎಂಬ ಹೇಳಿಕೆಯನ್ನು ಸರ್ಕಾರಿ ಟಿವಿಯ ವಾರ್ತಾವಾಚಕಿಯಿಂದ ಬಂದೂಕು ತೋರಿಸಿ ಓದಿಸಿದರು. ಆಗ ಅಧ್ಯಕ್ಷರಾಗಿದ್ದ ಎರ್ಡೊಗನ್‌ರನ್ನು ದ್ವೇಷಿಸುವ ವಿರೋಧ ಪಕ್ಷಗಳೂ ಒಕ್ಕೊರಲಿನಿಂದ ದಂಗೆಯನ್ನು ಖಂಡಿಸಿದವು. ದಂಗೆ ಬೆಳಗಾಗುವುದರೊಳಗೆ ಸೋತಿತು. ಮುಂದಿನ ಎರಡು ವರ್ಷ ತುರ್ತು ಪರಿಸ್ಥಿತಿ, ಲಕ್ಷಕ್ಕೂ ಮೀರಿದ ನೌಕರರ ವಜಾ. ಗೆದ್ದ ದಂಗೆ ಪ್ರಜಾಪ್ರಭುತ್ವವನ್ನು ತಿಂದರೆ, ಸೋತ ದಂಗೆ ಅದನ್ನು ತಿನ್ನಲು ಆಳುವವನಿಗೆ ನೆಪ ಒದಗಿಸುತ್ತದೆ.

"ಸರಿ, ಗೆದ್ದು ಬಂದವನೇ ಬಾಗಿಲು ಹಾಕಲು ಬಂದರೆ ಸುಮ್ಮನಿರಬೇಕಾ?" ಇಲ್ಲ. ದಕ್ಷಿಣ ಕೊರಿಯಾದ ಜನ ಸುಮ್ಮನಿರಲಿಲ್ಲ. 2024ರ ಡಿಸೆಂಬರ್ 3ರ ರಾತ್ರಿ ಹತ್ತೂವರೆಯ ಹೊತ್ತಿಗೆ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿವಿಗೆ ಬಂದು ಮಿಲಿಟರಿ ಕಾನೂನು ಹೇರಿದರು. ಸ್ವತಂತ್ರ ಸಾಂವಿಧಾನಿಕ ವ್ಯವಸ್ಥೆಯ ರಕ್ಷಣೆಯೇ ಅವರೂ ಕೊಟ್ಟ ಕಾರಣ. ಸೈನಿಕರು ಸಂಸತ್ತಿಗೆ ಹೆಲಿಕಾಪ್ಟರಿನಲ್ಲಿ ಬಂದಿಳಿದರು. ಜನ ಗೇಟಿನ ಬಳಿ ಅಡ್ಡ ನಿಂತರು. 67 ವರ್ಷದ ಸ್ಪೀಕರ್ ಕಾಂಪೌಂಡ್ ಹಾರಿ ಒಳಗೆ ಹೋದರು. ಸಿಬ್ಬಂದಿ ಕುರ್ಚಿ ಮೇಜುಗಳನ್ನು ಬಾಗಿಲಿಗೆ ಅಡ್ಡ ಪೇರಿಸಿದರು. ರಾತ್ರಿ ಒಂದರ ಹೊತ್ತಿಗೆ ಹಾಜರಿದ್ದ 190 ಸದಸ್ಯರೂ ಆದೇಶದ ವಿರುದ್ಧ ಮತ ಹಾಕಿದರು. ಸೈನಿಕರ ಕೈಯಲ್ಲಿ ಬಂದೂಕಿತ್ತು, ಆದರೆ ಅವರು ಜನರ ಮೇಲೆ ಹಾರಿಸಲಿಲ್ಲ. ಬೆಳಗಾಗುವ ಮುನ್ನ ಆದೇಶ ವಾಪಸಾಯಿತು. ಸಾಂವಿಧಾನಿಕ ನ್ಯಾಯಾಲಯ 2025ರ ಏಪ್ರಿಲ್ 4ರಂದು ಸರ್ವಾನುಮತದಿಂದ ಯೂನ್‌ರನ್ನು ಪದಚ್ಯುತಗೊಳಿಸಿತು. ಹಳೆಯ ದಂಗೆಕೋರ ಜನರಲ್ ಚುನ್ ದೂ-ಹ್ವಾನ್‌ರನ್ನು 1996ರಲ್ಲೇ ಕಟಕಟೆಗೆ ತಂದು ಶಿಕ್ಷಿಸಿದ ದೇಶ ಅದು. ಪ್ರಜಾಪ್ರಭುತ್ವಕ್ಕಾಗಿ ಸೈನಿಕ ಮಾಡಬಹುದಾದ ಅತಿ ದೊಡ್ಡ ಕೆಲಸ ತನ್ನವರ ಮೇಲೆ ಬಂದೂಕು ಎತ್ತದಿರುವುದು. ಅದಕ್ಕೆ ಅಧಿಕಾರ ಹಿಡಿಯಬೇಕಾಗಿಲ್ಲ.

ನಮ್ಮದೇ ಅನುಭವವೂ ಇದೆ. 1975ರ ಜೂನ್‌ನಿಂದ 1977ರ ಮಾರ್ಚ್‌ವರೆಗೆ ತುರ್ತು ಪರಿಸ್ಥಿತಿಯಡಿ ಇಲ್ಲಿ ಪ್ರಜಾಪ್ರಭುತ್ವ ಉಸಿರುಕಟ್ಟಿತ್ತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರು ಜೈಲಿನಲ್ಲಿದ್ದರು. ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಯಾವ ಜನರಲ್ಲೂ ಟ್ಯಾಂಕು ತಿರುಗಿಸಲಿಲ್ಲ. ಚುನಾವಣೆ ಬಂತು, ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲೇ ಸೋತರು. ಕರ್ನಾಟಕ ಮಾತ್ರ ಇಪ್ಪತ್ತೆಂಟರಲ್ಲಿ ಇಪ್ಪತ್ತಾರು ಸೀಟನ್ನು ಅವರ ಪಕ್ಷಕ್ಕೇ ಕೊಟ್ಟಿತು. ಮರುವರ್ಷ ಚಿಕ್ಕಮಗಳೂರು ಅವರನ್ನು ಲೋಕಸಭೆಗೆ ಕಳಿಸಿತು. ಇದು ನಿಮಗೆ ಸರಿ ಎನಿಸಲಿ, ತಪ್ಪೆನಿಸಲಿ. ಇಳಿಸುವುದೂ ಮರಳಿ ಏರಿಸುವುದೂ ಜನರ ಕೈಯಲ್ಲಿತ್ತು. 1976ರಲ್ಲಿ ಒಬ್ಬ ಸಜ್ಜನ ಸೇನಾಧಿಕಾರಿ ನಮ್ಮನ್ನು 'ರಕ್ಷಿಸಿದ್ದರೆ' ಆ ನಂತರದ ಪ್ರತಿ ಸರ್ಕಾರವೂ ದಂಡಿನ ಕಡೆ ನೋಡಿಕೊಂಡೇ ಕಡತಕ್ಕೆ ಸಹಿ ಹಾಕಬೇಕಿತ್ತು.

ಕೊಡಗಿನ ಇಬ್ಬರು ಜನರಲ್‌ಗಳ ಫೋಟೊವನ್ನು ನಿಮ್ಮಲ್ಲಿ ಹಲವರು ಮನೆಯಲ್ಲಿ ತೂಗುಹಾಕಿದ್ದೀರಿ. ರಕ್ಷಣಾ ಸಚಿವರ ಜೊತೆ ಹೊಂದಾಣಿಕೆಯಾಗದಿದ್ದಾಗ ತಿಮ್ಮಯ್ಯನವರು 1959ರಲ್ಲಿ ರಾಜೀನಾಮೆ ಪತ್ರ ಬರೆದರು, ಅಷ್ಟೇ. ನೆಹರೂ ಹೇಳಿದ ಮೇಲೆ ಅದನ್ನೂ ಹಿಂತೆಗೆದುಕೊಂಡರು. ರಾಜಕಾರಣಿಗಳ ಬಗ್ಗೆ ನಿಮ್ಮಷ್ಟೇ ಬೇಸರವಿದ್ದ ಕಾರ್ಯಪ್ಪನವರು ನಿವೃತ್ತರಾದ ಬಹುಕಾಲದ ಮೇಲೆ, 1971ರಲ್ಲಿ, ಮುಂಬೈಯಿಂದ ಲೋಕಸಭೆಗೆ ನಿಂತರು. ಸೋತರು. ಜನರ ತೀರ್ಪಿಗೆ ತಲೆಬಾಗಿ ಊರಿಗೆ ಮರಳಿದರು. ಸೇನೆಯ ಮೇಲೆ ನಮಗಿರುವ ಗೌರವ ಇಂಥ ನಡತೆಯಿಂದ ಬಂದದ್ದು. ಅದೇ ಸೇನೆ ಜಾತಿ ಪ್ರಮಾಣಪತ್ರ, ಟೆಂಡರು, ವರ್ಗಾವಣೆ, ಪಡಿತರ ಚೀಟಿ ನೋಡಿಕೊಳ್ಳತೊಡಗಿದರೆ ಆರು ತಿಂಗಳಲ್ಲಿ ಅದಕ್ಕೂ ಮಧ್ಯವರ್ತಿಗಳು ಹುಟ್ಟಿಕೊಳ್ಳುತ್ತಾರೆ. ಅವರ ಮೇಲೆ ದೂರು ಕೊಡಲು ಆಗ ನಿಮಗೆ ಲೋಕಾಯುಕ್ತ ಇರುವುದಿಲ್ಲ.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ರೆಸಾರ್ಟಿಗೆ ಹೋದ ಶಾಸಕನ ಹೆಸರು ಬರೆದಿಟ್ಟುಕೊಳ್ಳಿ, ಅವನು ಮತ್ತೆ ಕೈಮುಗಿದು ಬಂದಾಗ ಆ ಚೀಟಿ ಹೊರತೆಗೆಯಿರಿ. ಕಿತ್ತುಹೋದ ರಸ್ತೆಯ ಬಿಲ್ಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ವಾರ್ಡ್ ಸಮಿತಿಗೆ, ಗ್ರಾಮಸಭೆಗೆ ಹೋಗಿ, ಖಾಲಿ ಕುರ್ಚಿಗಳ ನಡುವೆಯಾದರೂ ಕುಳಿತು ಪ್ರಶ್ನೆ ಕೇಳಿ. ಮಕ್ಕಳ ಮುಂದೆ "ಮಿಲಿಟರಿ ಬರಬೇಕು" ಎನ್ನುವ ಮೊದಲು, ಬಂದವರನ್ನು ಕಳಿಸುವುದು ಹೇಗೆ ಎಂದೂ ಅವರಿಗೆ ಹೇಳಿಕೊಡಿ. ಅದಕ್ಕೆ ಉತ್ತರ ನಿಮ್ಮಲ್ಲಿದ್ದರೆ ದಯವಿಟ್ಟು ನನಗೂ ಬರೆಯಿರಿ. ಇಲ್ಲವಾದರೆ ನಮ್ಮ ಇಬ್ಬರ ಸಿಟ್ಟನ್ನೂ ಮುಂದಿನ ಚುನಾವಣೆಗೆ ಒಯ್ಯೋಣ. ನಾವಿಬ್ಬರೂ ಬೇರೆ ಬೇರೆ ಚಿಹ್ನೆಗೆ ಒತ್ತಿದರೂ ಅಡ್ಡಿಯಿಲ್ಲ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಮತದಾರ